ದೊಡ್ಡಮ್ಮ ಹಾಕಿದ ಮಾರ್ಕು

ನಮ್ಮ ದೊಡ್ಡಮ್ಮನ ಕೈಯಲ್ಲಿ ನೂರಕ್ಕೆ ಎಂಬತ್ತು ತೆಗೆದುಕೊಂಡವರು ಧರ್ಮಪುರಿ ಜಿಲ್ಲೆಯಲ್ಲೂ ಇಲ್ಲ, ಸೇಲಂ ಜಿಲ್ಲೆಯಲ್ಲೂ ಇಲ್ಲ. ಮನುಷ್ಯರ ಮಾತು ಬಿಡಿ, ಹೊಗೆನಕಲ್ ಜಲಪಾತಕ್ಕೇ ಅವಳು ಕೊಟ್ಟಿದ್ದು ಅರವತ್ತೆರಡು. ನೀರು ಚೆನ್ನಾಗಿದೆಯಂತೆ, ಸದ್ದು ಜಾಸ್ತಿಯಂತೆ! ಸೇಲಂನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಲೈಬ್ರರಿಯನ್ ಆಗಿದ್ದವಳು ಇನ್ನೇನು ಹೇಳಿಯಾಳು? ಹರೂರು ಬಸ್ಸಿಗೆ ಮೂವತ್ತೈದು, ಬೀಗರ ಮನೆಯ ಪಾಯಸಕ್ಕೆ ನಲವತ್ತು, ಕಟ್ಟಿಕೊಂಡ ದೊಡ್ಡಪ್ಪನಿಗೆ ಐವತ್ತೈದು. "ಮೊದ್ಲು ಐವತ್ತೇ ಇತ್ತು" ಎಂದು ದೊಡ್ಡಪ್ಪ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು.

ಮನೆಮಾತು ಕನ್ನಡವಾದರೂ ಮಾರಂಡಹಳ್ಳಿಯಲ್ಲಿ ತಮಿಳು ಮಾಧ್ಯಮದಲ್ಲಿ ಓದಿ ಬಂದ ನಾನು ಅವಳ ಮನೆಯಲ್ಲಿದ್ದುಕೊಂಡು ಅದೇ ಕಾಲೇಜಿಗೆ ಸೇರಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಲೇಜಿಗೆ ಇಂಟರ್ನೆಟ್ ಇರುವ ಕಂಪ್ಯೂಟರ್ ಒಂದು ಆಗಷ್ಟೇ ಬಂದಿತ್ತು. ಲೈಬ್ರರಿಯಲ್ಲಿ ಬೇಕಾದ್ದನ್ನು ಹುಡುಕುವುದು ಹೇಗೆಂದು ಕಲಿಸುವ ಮೂರು ಪಾಠಗಳನ್ನು ಹೊರದೇಶದ ಕಾಲೇಜುಗಳು ಅದರಲ್ಲಿ ಇಟ್ಟಿವೆ, ಯಾವುದು ಒಳ್ಳೆಯದೆಂದು ಪರೀಕ್ಷಿಸಿ ವರದಿ ಕೊಡಿ ಎಂದು ಪ್ರಿನ್ಸಿಪಾಲಮ್ಮ ದೊಡ್ಡಮ್ಮನಿಗೆ ಹೇಳಿದರು. ಹಾಗೇ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು. ಪಾಠ ಚೆನ್ನಾಗಿದ್ದರೆ ಶುಕ್ರವಾರದ ಲೈಬ್ರರಿ ಕ್ಲಾಸನ್ನು ಟೈಪಿಂಗ್‌ಗೆ ಬಿಟ್ಟುಕೊಡಬಹುದಲ್ಲ?

ಆ ಶುಕ್ರವಾರದ ಒಂದು ಗಂಟೆಯೇ ದೊಡ್ಡಮ್ಮನ ಸಾಮ್ರಾಜ್ಯ. ಹೊಸ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಸ್ಕೇಲು ಹಿಡಿದು, ಒಂದೊಂದೇ ಕಪಾಟಿನ ಮುಂದೆ ನಡೆಸಿಕೊಂಡು ಹೋಗುತ್ತಿದ್ದಳು. ಅದನ್ನು ಕಿತ್ತುಕೊಳ್ಳಲು ಬಂದವರಿಗೆ ಅವಳೇ ಮಾರ್ಕು ಹಾಕಬೇಕು! ಸ್ಕೂಲ್ ಮೇಷ್ಟ್ರಾಗಿದ್ದ ದೊಡ್ಡಪ್ಪ ಸುಲಭದ ದಾರಿ ತೋರಿಸಿದರು. ಮೂರಕ್ಕೂ ಸೊನ್ನೆ ಸುತ್ತಿ ಕಳಿಸಿದರೆ ಮುಗಿಯಿತು ಅಂದರು. ದೊಡ್ಡಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಓದ್ದೆ ಮಾರ್ಕ್ ಆಕಕ್ಕೆ ನಾನೇನ್ ನಿಮ್ಮಂಗೆ ಇಸ್ಕೂಲ್ ವಾದ್ಯಾರಾ?"

ಮೊದಲ ಪಾಠ ತೆರೆದೆವು. ಅದರಲ್ಲಿ ಅವರ ಲೈಬ್ರರಿಯ ದೊಡ್ಡ ಚಿತ್ರ. ಅದು ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯತೊಡಗಿತು. ಸೂರು ಬಂತು, ಕಿಟಕಿ ಬಂತು. ಇಂಟರ್ನೆಟ್ಟಿಗೂ ಫೋನಿಗೂ ಇದ್ದದ್ದು ಒಂದೇ ಲೈನು; ಅಷ್ಟರಲ್ಲಿ ಆಫೀಸಿನವರು ಯಾರಿಗೋ ಫೋನ್ ಮಾಡಲು ಹೋಗಿ ಅದು ಕಡಿದುಹೋಯಿತು. ಮೂರು ದಿನ ಹೀಗೇ ಆಯಿತು. ದೊಡ್ಡಮ್ಮ ಬರೆದಳು: "ಬಾಗಿಲೇ ಇಲ್ಲದ ಲೈಬ್ರರಿ. ಇಪ್ಪತ್ತು."

ಎರಡನೆಯದರಲ್ಲಿ ಪ್ರತಿ ಪುಟದ ಕೆಳಗೂ 'ತಿಳಿಯದಿದ್ದರೆ ನಿಮ್ಮ ಲೈಬ್ರರಿಯನ್ನರನ್ನು ಕೇಳಿ' ಎಂದಿತ್ತು. ಒತ್ತಿದರೆ ಆ ದೇಶದ ಯಾರೋ ಹೆಂಗಸಿನ ವಿಳಾಸ ಬರುತ್ತಿತ್ತು. "ನಾನ್ ಇಲ್ಲೇ ಕುಂತಿವ್ನಿ. ಸಮುದ್ರ ದಾಟಿ ಅವ್ಳನ್ನ ಯಾಕ್ ಕೇಳ್ಬೇಕು?" ಎಂದು ಅದಕ್ಕೆ ಮೂವತ್ತು ಕೊಟ್ಟಳು.

ಮೂರನೆಯದು ಚಿತ್ರಗಿತ್ರ ಇಲ್ಲದ, ಬರೀ ಅಕ್ಷರದ ಪಾಠ. ಎರಡು ಪದಗಳ ನಡುವೆ 'ಅಂಡ್' ಹಾಕಿದರೆ ಎರಡೂ ಇರುವ ಪುಸ್ತಕ ಮಾತ್ರ ಸಿಗುತ್ತದೆ, 'ಆರ್' ಹಾಕಿದರೆ ಯಾವುದಾದರೊಂದು ಇದ್ದರೂ ಸಾಕು ಎಂದು ಅದು ಹೇಳಿಕೊಟ್ಟಿತು. ಕಲಿತದ್ದನ್ನು ಪ್ರಯೋಗಿಸದೆ ಬಿಡುವವಳೇ ನಮ್ಮ ದೊಡ್ಡಮ್ಮ? ಆ ಭಾನುವಾರ ಹರೂರಿನಿಂದ ದೂರದ ನೆಂಟರೊಬ್ಬರು ನನಗೊಂದು ಗಂಡು ಹೇಳಲು ಬಂದಿದ್ದರು. ಓದಿರಬೇಕು ಅಂಡ್ ಕುಡಿಯಬಾರದು ಅಂಡ್ ಹೆಂಡತಿಯನ್ನು ಓದಲು ಬಿಡಬೇಕು ಎಂದು ದೊಡ್ಡಮ್ಮ ಕೇಳಿದಳು. ಅವರು ಬಹಳ ಹೊತ್ತು ಯೋಚಿಸಿ, ಅಂಥವನು ಯಾರೂ ಇಲ್ಲ ಅಂದರು. ಎಲ್ಲದಕ್ಕೂ 'ಆರ್' ಹಾಕಿ ನೋಡಿ ಅಂದಳು. ಇಡೀ ತಾಲ್ಲೂಕು ಬಂತು! ನನ್ನ ಮದುವೆ ಅಲ್ಲಿಗೇ ನಿಂತಿತು.

ಆಮೇಲೆ ನಿಜವಾದ ಪರೀಕ್ಷೆ. ಮೂರನೆಯ ಪಾಠದ ಮುಂದೆ ಮೊದಲು ಕೂರಿಸಿದ್ದು ನನ್ನನ್ನೇ. ದೊಡ್ಡಮ್ಮ ಹಿಂದೆ ನಿಂತು ಬರೆದುಕೊಳ್ಳುತ್ತಿದ್ದಳು. ಕೊನೆಯಲ್ಲಿ ಹತ್ತು ಪ್ರಶ್ನೆ. ತಪ್ಪು ಉತ್ತರ ಒತ್ತಿದರೆ ಇನ್ನೊಮ್ಮೆ ಪ್ರಯತ್ನಿಸು ಅನ್ನುತ್ತಿತ್ತು. ಸರಿಯಾಗುವ ತನಕ ಒತ್ತುತ್ತಲೇ ಹೋದೆ. ಹತ್ತಕ್ಕೆ ಹತ್ತು! "ಪುರಿಂಜುದಾ?" ಅರ್ಥವಾಯಿತಾ ಎಂದು ದೊಡ್ಡಮ್ಮ ತಮಿಳಿನಲ್ಲಿ ಕೇಳಿದಳು. ಜೋರಾಗಿ ತಲೆಯಾಡಿಸಿದೆ. ಆ ಇಂಗ್ಲಿಷು ನನಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ. ಆದರೆ ತನ್ನ ತಂಗಿಯ ಮಗಳು ಬಲು ಜಾಣೆ ಎಂದು ಅವಳು ಕಾಲೇಜಿಗೆಲ್ಲ ಹೇಳಿಕೊಂಡು ಬಂದಿದ್ದಳು. ಇಲ್ಲ ಅನ್ನುವುದು ಹೇಗೆ?

ಮುಂದಿನ ವಾರ ಹನ್ನೆರಡು ಹುಡುಗಿಯರು ಆ ಪಾಠ ಓದಿದರು, ಇನ್ನು ಹನ್ನೆರಡು ಮಂದಿ ದೊಡ್ಡಮ್ಮನ ಕ್ಲಾಸಿನಲ್ಲಿ ಕೂತರು. ಎಲ್ಲರ ಕೈಗೂ ಒಂದೇ ಚೀಟಿ: ಮರಗೆಣಸಿಗೆ ಬರುವ ರೋಗದ ಬಗ್ಗೆ ಪುಸ್ತಕ ಹುಡುಕಿ. ದೊಡ್ಡಮ್ಮನ ಶಿಷ್ಯೆಯರು ರೋಗ ಎಂಬ ಪದ ಕಂಡದ್ದೇ ತಡ, ಸಾಲಾಗಿ ವೈದ್ಯಶಾಸ್ತ್ರದ ಕಪಾಟಿಗೆ ನಡೆದರು. ಕಂಪ್ಯೂಟರ್‌ನವರು ಒಂದು ಗಳಿಗೆ ನಿಂತು, ಮರಗೆಣಸು ಅಂಡ್ ರೋಗ ಎಂದು ಜೋಡಿಸಿ, ಬೇಸಾಯದ ಕಪಾಟಿಗೆ ಹೋಗಿ ಪುಸ್ತಕ ತಂದರು.

ದೊಡ್ಡಮ್ಮ ಸ್ಕೇಲನ್ನು ಮೇಜಿನ ಮೇಲಿಟ್ಟಳು. ಮನೆಗೆ ಬಂದು ವರದಿ ಬರೆದಳು. ಪಾಠಕ್ಕೆ ಎಪ್ಪತ್ತೊಂದು. ತನ್ನ ಕ್ಲಾಸಿಗೆ ಐವತ್ತೆಂಟು. ಅದಲುಬದಲಾಗಿದೆಯೇನೋ ಎಂದು ದೊಡ್ಡಪ್ಪ ಎರಡು ಸಲ ಕನ್ನಡಕ ಒರೆಸಿಕೊಂಡು ನೋಡಿದರು.

ಅಂದವಾಗಿ ನಕಲು ಮಾಡಿಕೊಡು ಎಂದು ಇಂಗ್ಲಿಷಿನಲ್ಲಿದ್ದ ವರದಿಯನ್ನು ನನ್ನ ಕೈಗಿತ್ತು ಅವಳು ಸೊಪ್ಪು ಬಿಡಿಸುತ್ತ ಕೂತಳು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತ ಹೋದೆ. ಕೊನೆಯ ಪುಟದಲ್ಲಿ ಹೀಗಿತ್ತು: 'ಮೊದಲು ಕೂತ ವಿದ್ಯಾರ್ಥಿನಿಗೆ ಹತ್ತಕ್ಕೆ ಹತ್ತು ಬಂದಿದೆ. ಆದರೆ ಅವಳಿಗೆ ಏನೂ ಅರ್ಥವಾಗಿಲ್ಲ. ಹಾಗೆಂದು ಹೇಳಲು ಅವಳು ಹೆದರಿದ್ದು ಪರೀಕ್ಷೆ ಮಾಡುವವಳಿಗೆ. ಈ ತಪ್ಪು ಪಾಠದ್ದಲ್ಲ, ನನ್ನದು.'

ನನ್ನ ಪೆನ್ನು ನಿಂತಿತು. ಇದನ್ನೂ ಬರೆಯಬೇಕಾ ಎಂದು ಕೇಳಿದೆ.

"ನಿಜ ತಾನೆ, ಬರಿ." ಸೊಪ್ಪಿನಿಂದ ತಲೆ ಎತ್ತಲಿಲ್ಲ. ಇನ್ನೊಂದು ಕಡ್ಡಿ ಬಿಡಿಸುತ್ತ ಹೇಳಿದಳು: "ನಾನೂ ಕಾಲೇಜ್ ಸೇರ್ದಾಗ ಮೂರ್ ತಿಂಗ್ಳು ಲೈಬ್ರರಿ ಒಳೀಕೆ ಓಗ್ಲಿಲ್ಲ ಕಣವ್ವ. ಓಗಿ ಏನ್ ಕೇಳ್ಬೇಕು ಅಂತ್ಲೇ ಗೊತ್ತಿರ್ಲಿಲ್ಲ."

ಶುಕ್ರವಾರದ ಗಂಟೆ ಟೈಪಿಂಗ್‌ಗೆ ಹೋಯಿತು. ಮರುದಿನ ಕಾಲೇಜು ತೆರೆಯುವ ಮೊದಲೇ ದೊಡ್ಡಮ್ಮ ನನ್ನನ್ನು ಕರೆದುಕೊಂಡು ಹೋಗಿ, ಕಂಪ್ಯೂಟರ್ ಮುಂದೆ ಎರಡು ಕುರ್ಚಿ ಎಳೆದಳು. ಪಾಠದ ಮೊದಲ ಸಾಲನ್ನು ಇಂಗ್ಲಿಷಿನಲ್ಲಿ ಓದಿ, ಅದನ್ನೇ ನಮ್ಮೂರ ಕನ್ನಡದಲ್ಲಿ ಹೇಳಿದಳು. ಅರ್ಥ ಆಯಿತಾ ಎಂದು ಕೇಳಿದಳು.

"ಇಲ್ಲ ದೊಡ್ಡಮ್ಮ" ಅಂದೆ.

ಕುರ್ಚಿಯನ್ನು ಇನ್ನಷ್ಟು ನನ್ನ ಹತ್ತಿರಕ್ಕೆ ಸರಿಸಿಕೊಂಡು, ಮತ್ತೆ ಮೊದಲಿನಿಂದ ಓದಿದಳು.