ಐವತ್ತಕ್ಕೆ ಏಳುವ ನಡುಕ

“ನನ್ನ ಗಾಡ್ಯಾಗ ತುಂಬಿದ ಚಾದ ಲೋಟ ಇಡ್ರಿ. ಮುಂಡರಗಿ ಮುಟ್ಟೂತನಕ ಚೆಲ್ಲಿದ್ರ, ಮತ್ತ ನಾ ಸ್ಟೇರಿಂಗ್ ಮುಟ್ಟಂಗಿಲ್ಲ!”

ಗುರುವಾರ ಲಕ್ಷ್ಮೇಶ್ವರದ ಪೇಟೆಯಲ್ಲಿ ನಾಲ್ಕು ಮಂದಿ ಕೇಳುವಂತೆ ಈ ಪ್ರತಿಜ್ಞೆ ಮಾಡಿದವನು ಬೆಳ್ಳಟ್ಟಿಯ ಪಿಕಪ್ ಲಾಡಸಾಬ. ಎದುರಿಗಿದ್ದವನು ಕೋಳಿ ತತ್ತಿ ವ್ಯಾಪಾರಿ ಅಝೀಮ. ವಾರಕ್ಕೊಮ್ಮೆ ಮುಂಡರಗಿಗೆ ಹೋಗುವ ಅವನ ತತ್ತಿಯ ಲೋಡಿಗಾಗಿ ಲಾಡಸಾಬ ಎರಡು ವರ್ಷದಿಂದ ಕಾದಿದ್ದ. ಜೋಳ, ಉಳ್ಳಾಗಡ್ಡಿ, ಗೊಬ್ಬರ ಯಾರು ಬೇಕಾದರೂ ಹೇರಿಯಾರು. ಆದರೆ ತತ್ತಿ ಹೇರುವವನೆಂದರೆ ಪಿಕಪ್ ಹೊಡೆಯುವವರಲ್ಲೇ ಮಹಾಪಂಡಿತ!

ಅಝೀಮ ಮಾತು ಕಮ್ಮಿ ಮನುಷ್ಯ. “ಆತು. ಸೋಮವಾರ ಬಾಜೂಕ ನಾನ ಕುಂಡ್ರತೀನಿ, ಚಾನೂ ನಾನ ತರ್ತೀನಿ. ಚೆಲ್ಲಿದ್ರ ಲೋಡು ಶಿರಹಟ್ಟಿ ಹೊನ್ನೇಶನ ಗಾಡಿಗೆ,” ಎಂದು ಎದ್ದು ಹೋದ.

ಲಾಡಸಾಬ ಒಂದು ಸಣ್ಣ ಸಂಗತಿ ಹೇಳಿರಲಿಲ್ಲ. ಗಾಡಿಗೆ ನಡುಕ ಹತ್ತಿ ಆಗಲೇ ನಾಲ್ಕು ದಿನವಾಗಿತ್ತು. ನಲವತ್ತರ ವೇಗದವರೆಗೆ ಗಾಡಿ ಸಾಧು. ಐವತ್ತಕ್ಕೆ ನಡುಕ ಸಣ್ಣಗೆ ಗುಂಯ್ ಎಂದು ಎದ್ದು, ಅರವತ್ತಕ್ಕೆ ಸೀಟಿನೊಳಗಿಂದ ಸೊಂಟಕ್ಕೆ ಏರುತ್ತಿತ್ತು, ಎಪ್ಪತ್ತಕ್ಕೆ ಲಾಡಸಾಬನ ಹಲ್ಲುಗಳು ಒಂದಕ್ಕೊಂದು ಸಲಾಮು ಮಾಡುತ್ತಿದ್ದವು. ಚಾ ಹಾಗಿರಲಿ, ಆ ಗಾಡಿಯಲ್ಲಿ ಗಟ್ಟಿ ಮೊಸರು ಇಟ್ಟರೂ ಮಜ್ಜಿಗೆಯಾಗಿ ಇಳಿಯುತ್ತಿತ್ತು.

ಹಾಗಂತ ಅವನು ಗಾಡಿಯನ್ನು ಅಲಕ್ಷ್ಯ ಮಾಡುವವನಲ್ಲ. ಪ್ರತಿ ಗುರುವಾರ ಶಾಂಪೂ ಹಚ್ಚಿ ತೊಳೆದು, ಲೋಬಾನದ ಹೊಗೆ ಹಾಕಿ, ನಿಂಬೆಹಣ್ಣು ಮೆಣಸಿನಕಾಯಿ ಬದಲಿಸುತ್ತಿದ್ದ. ತನ್ನ ಮದುವೆಯ ದಿನ ಕೂಡ ಅವನು ಅಷ್ಟು ತಿಕ್ಕಿ ತೊಳೆದುಕೊಂಡಿರಲಿಲ್ಲ ಎಂದು ಅವನ ಹೆಂಡತಿ ಹಸೀನಾಬಿಯೇ ಹೇಳುತ್ತಾಳೆ. ಅಂಥ ಭಕ್ತಿ ನೋಡಿದರೆ ಯಾರಿಗಾದರೂ ಮೆಚ್ಚುಗೆಯಾಗಬೇಕು.

ಶನಿವಾರ ಶಿರಹಟ್ಟಿಯಿಂದ ಮಿಸ್ತ್ರಿ ಅಯ್ಯೂಬನನ್ನು ಬೆಳ್ಳಟ್ಟಿಗೆ ಕರೆಸಿದ. ಅಯ್ಯೂಬ ಬಂದವನೇ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತ.

“ಅಲ್ಲಿ ಏನ್ ನೋಡ್ತಿಲೇ? ನನ್ನ ಗಾಲಿ ಕನ್ನಡಿ ಇದ್ದಂಗ ಅದಾವು. ಇಂಜಿನ್ನಾಗ ನೋಡು,” ಎಂದ ಲಾಡಸಾಬ.

“ಹಂಗಾರ ಓಡೂ ಗಾಡ್ಯಾಗ ಕಿವಿಗೊಟ್ಟು ಕೇಳಬೇಕಣ್ಣ. ನಾ ಹಿಂದ ಮಕ್ಕೋತೀನಿ. ನೀ ಐವತ್ತರ ಮ್ಯಾಲೆ ಹೋಗಬ್ಯಾಡ, ಕೆಳಗೂ ಇಳೀಬ್ಯಾಡ. ಹಾರ್ನ್ ಅಂತೂ ಬ್ಯಾಡೇ ಬ್ಯಾಡ.”

ಅಯ್ಯೂಬ ಗಾಡಿಯ ಹಿಂದೆ ಅಂಗಾತ ಮಲಗಿದ. ಧೂಳು ಬರುತ್ತದೆಂದು ತಲೆಯಿಂದ ಮೊಣಕಾಲಿನತನಕ ಬಿಳಿ ಚಾದರ ಎಳೆದುಕೊಂಡ. ಲಾಡಸಾಬ ಫೋನು ಬಂದ್ ಮಾಡಿ, ಸದ್ದು ಆಲಿಸುತ್ತ, ಮುಖ ಗಂಟುಹಾಕಿಕೊಂಡು, ಶಿರಹಟ್ಟಿಯ ಕಡೆ ಗಾಡಿ ಬಿಟ್ಟ. ಇದರ ಪರಿಣಾಮ ಏನಾದೀತೆಂದು ಇಬ್ಬರಿಗೂ ಹೊಳೆಯಲಿಲ್ಲ.

ಎದುರಿಗೆ ಬಂದ ಬಸ್ಸು ರಸ್ತೆ ಬಿಟ್ಟು ಸರಿದು ನಿಂತಿತು. ಹೊಲದಲ್ಲಿದ್ದವರು ರುಮಾಲು ತೆಗೆದರು. ಹಿಂದಿದ್ದ ಎರಡು ಬೈಕುಗಳು ಮುಂದೆ ಹೋಗದೆ ಗೌರವದಿಂದ ಹಿಂಬಾಲಿಸಿದವು. ಊರ ಹೊರಗೆ ಬಸ್ಸಿಗೆ ನಿಂತಿದ್ದ ಅಮೃತವ್ವ, ಲಾಡಸಾಬನ ಬಾಜೂಮನೆಯಾಕೆ, ಚಾದರದ ಹೊರಗಿದ್ದ ಪಾದ ನೋಡಿದಳು. ಆಯಿಲು ಕುಡಿದು ಕರ್ರಗಾದ ಆ ಪಾದ ಯಾರದೆಂದು ಎಲ್ಲರಿಗೂ ಗೊತ್ತು. ಆಕೆ ಬಸ್ಸು ಬಿಟ್ಟು ಮನೆಯ ಕಡೆ ಓಡಿದಳು.

“ಹಸೀನಾ, ಮಿಸ್ತ್ರಿ ಅಯ್ಯೂಬ ಹ್ವಾದನಲ್ಲವಾ. ನಿನ್ನ ಗಂಡನೇ ಗಾಡ್ಯಾಗ ಒಯ್ಯಾಕತ್ಯಾನ. ಆತನ ಮಾರಿ ನೋಡಾಕ ಆಗವಲ್ದು.”

ಹಸೀನಾಬಿ ಗಂಡನಿಗೆ ಮೂರು ಸಲ ಫೋನು ಮಾಡಿದಳು. ಹತ್ತಲಿಲ್ಲ. ಆಕೆ ಅಳುತ್ತ ಕೂರುವ ಹೆಂಗಸಲ್ಲ. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಲ್ಲಿಯವರ ಹೊಟ್ಟೆಯನ್ನು ಹತ್ತಿರದವರೇ ನೋಡಬೇಕು. ಕಣ್ಣೊರೆಸಿಕೊಂಡು ಇಪ್ಪತ್ತು ರೊಟ್ಟಿ ಬಡಿದು, ಝುಣಕ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಅಮೃತವ್ವನ ಜೊತೆ ಶಿರಹಟ್ಟಿಯ ಬಸ್ಸು ಹತ್ತಿದಳು.

ಅತ್ತ ಅಯ್ಯೂಬನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿ ಲಾಡಸಾಬ, “ಲೇ ಅಯ್ಯೂಬ, ಏನ್ ತಿಳೀತು?” ಎಂದ. ಹೆಣವನ್ನು ಹೀಗೆ ಮಾತಾಡಿಸುವುದನ್ನು ಕಂಡು ಬೈಕಿನವರು ಸಮಾಧಾನ ಹೇಳಲು ಇಳಿದು ಬಂದರು. ಅಷ್ಟರಲ್ಲಿ ಚಾದರ ಅಲ್ಲಾಡಿ ಅಯ್ಯೂಬ ಎದ್ದು ಕುಳಿತ. ಬೈಕಿನವರು ಬೈಕು ಅಲ್ಲೇ ಬಿಟ್ಟು ಓಡಿದರು.

“ನಡಗಿದ್ದು ಖರೆ ಅಣ್ಣ,” ಎಂದು ಅಯ್ಯೂಬ ಕಣ್ಣುಜ್ಜಿದ. “ಆದ್ರ ತೊಟ್ಟಿಲದಂಗ ನಡಗತು. ನಿದ್ದಿ ಹತ್ತಿಬಿಡ್ತು.”

ಎರಡು ತಾಸಿನ ನಂತರ ಹಸೀನಾಬಿ ಬಂದಾಗ ಸತ್ತವನು ಪಾನಾ ಹಿಡಿದು ಇಂಜಿನ್ನಿನ ರಬ್ಬರು ಬದಲಿಸುತ್ತಿದ್ದ. ಆಕೆ ಗಂಟು ಹಿಡಿದುಕೊಂಡೇ ನಿಂತಳು. ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ಸಮಾಧಾನವಾಗಿತ್ತು.

“ನಿನ್ನ ಸಲುವಾಗಿ ರೊಟ್ಟಿ ತಂದಿದ್ನೆಪಾ ತಮ್ಮಾ,” ಎಂದಳು.

“ನಾ ಇಲ್ಲೇ ಅದೀನಲ್ಲ ಭಾಭಿ, ಕೊಡ್ರಿ,” ಎಂದ ಅಯ್ಯೂಬ. ತನ್ನ ಸಾವಿನ ರೊಟ್ಟಿ ತಾನೇ ಆರು ತಿಂದು, ಝುಣಕಕ್ಕೆ ಉಪ್ಪು ಸರಿಯಾಗಿದೆ ಎಂದೂ ಹೇಳಿದ.

ರಬ್ಬರು ಬದಲಾಯಿತು, ನಡುಕ ಬದಲಾಗಲಿಲ್ಲ. ಎಲ್ಲರೂ ಬೆಳ್ಳಟ್ಟಿಗೆ ಹೊರಟರು. ಮುಂದೆ ಲಾಡಸಾಬ, ಹಸೀನಾಬಿ, ಅಮೃತವ್ವ. ಹಿಂದೆ ಅಯ್ಯೂಬ, “ಮಕ್ಕೊಂಡ್ರ ನೋಡು” ಎಂಬ ಅಮೃತವ್ವನ ತಾಕೀತಿನ ಮೇಲೆ ನಿಂತೇ ಇದ್ದ. ಐವತ್ತಕ್ಕೆ ನಡುಕ ಎದ್ದಿತು. ಲಾಡಸಾಬನ ಕಣ್ಣ ಮುಂದೆ ತತ್ತಿಗಳೆಲ್ಲ ಹೊನ್ನೇಶನ ಗಾಡಿ ಹತ್ತಿ ಹೊರಟವು. ಜೀವಕ್ಕೆ ನಿಜವಾಗಿ ಸಂಕಟವಾಯಿತು.

ಹಸೀನಾಬಿ ಹಿಟ್ಟಿನ ಗಿರಣಿಯವರ ಮನೆಯ ಮಗಳು. ತಂದೆಯ ಗಿರಣಿಯ ಸದ್ದಿನಲ್ಲೇ ಬೆಳೆದವಳು. ಆಕೆ ಸೀಟಿನ ಮೇಲೆ ಅಂಗೈ ಊರಿ ಸುಮ್ಮನೆ ಕುಳಿತಿದ್ದಳು.

“ಕೈಯಾಗಿನ ಸ್ಟೇರಿಂಗ್ ನಡಗತೈತೇನ್ರಿ?”

“ಇಲ್ಲ. ಸೀಟಷ್ಟ ನಡಗತೈತಿ.”

“ಅಂದ್ರ ಮುಂದಿಂದಲ್ಲ, ಹಿಂದಿಂದು. ಈಗ ಪಟ್ಟಾ ಬಿಚ್ಚರಿ.”

“ಗಾಡಿಗೆ ಎಲ್ಲೀ ಪಟ್ಟಾನ?”

“ಗಿರಣಿ ನಡಗಿದ್ರ ನಮ್ಮಪ್ಪ ಮದ್ಲ ಇಂಜಿನ್ನಿಗೂ ಬೀಸೂ ಕಲ್ಲಿಗೂ ಹಾಕಿದ ಪಟ್ಟಾ ಬಿಚ್ಚತಿದ್ದ. ಬಿಚ್ಚಿದ ಮ್ಯಾಲೂ ಇಂಜಿನ್ ನಡಗಿದ್ರ ಇಂಜಿನ್ನಿಂದ ತಪ್ಪು, ಇಲ್ಲಂದ್ರ ಕಲ್ಲಿಂದು. ಗಾಡ್ಯಾಗ ಇಂಜಿನ್ನಿಗೂ ಗಾಲಿಗೂ ಸಂಬಂಧ ಹ್ಯಾಂಗ ಬಿಡಸತೀರಿ?”

ಲಾಡಸಾಬ ಅರವತ್ತರ ವೇಗದಲ್ಲೇ ಗೇರು ತೆಗೆದು ನ್ಯೂಟ್ರಲ್ ಮಾಡಿದ. ಇಂಜಿನ್ನಿನ ಸದ್ದು ಇಳಿದು ತಣ್ಣಗಾಯಿತು. ನಡುಕ ಮಾತ್ರ ಹಾಗೆಯೇ ಇತ್ತು.

“ಇಂಜಿನ್ ಪಾಪ ಏನೂ ಮಾಡಿಲ್ಲ. ತಪ್ಪು ಕಲ್ಲಿಂದು,” ಎಂದಳು ಹಸೀನಾಬಿ. “ಹಸಿ ಜ್ವಾಳ ಬೀಸಿದ್ರ ಹಿಟ್ಟು ಕಲ್ಲಿಗೆ ಒಂದ ಕಡೆ ಮೆತ್ತಿ ಒಣಗತೈತಿ. ಆವಾಗ ಕಲ್ಲು ಹಿಂಗ ಕುಣೀತೈತಿ. ನೀವು ಹಸ್ಯಾಗ ಎಲ್ಲಿ ಹೋಗಿದ್ರಿ?”

ಉತ್ತರ ಕೊಟ್ಟವಳು ಅಮೃತವ್ವ. “ಹೋದ ಆದಿತ್ಯವಾರ ಗೊಬ್ಬರ ಹಾಕಾಕ ಬಂದು ನಮ್ಮ ಎರಿ ಹೊಲದ ರಾಡ್ಯಾಗ ಗಾಡಿ ಹುಗಿಸಿದ್ದನಲ್ಲವಾ. ಎತ್ತು ಹೂಡಿ ಎಳಸಿದ್ವಿ.”

“ಗಾಡಿ ತೊಳದೀರಿ. ಗಾಲಿ ಒಳಮಗ್ಗಲಾ?”

ಲಾಡಸಾಬ ಗಾಡಿ ಪಕ್ಕಕ್ಕೆ ನಿಲ್ಲಿಸಿದ. ಅಯ್ಯೂಬ ಕಬ್ಬಿಣದ ಸಲಾಕೆ ಹಿಡಿದು ಕೆಳಗೆ ನುಗ್ಗಿದ. ಹಿಂದಿನ ಬಲಗಾಲಿಯ ಒಳಗೆ, ಒಂದೇ ಕಡೆ, ಕಲ್ಲಿನಂತೆ ಒಣಗಿದ ಕಪ್ಪು ಎರಿ ಮಣ್ಣು ಹೆಂಟೆ ಹೆಂಟೆಯಾಗಿ ಬಿತ್ತು. ಹೆಚ್ಚುಕಮ್ಮಿ ಅರ್ಧ ಬುಟ್ಟಿ! ಮತ್ತೆ ಗಾಡಿ ಬಿಟ್ಟರೆ ಐವತ್ತು, ಅರವತ್ತು, ಎಪ್ಪತ್ತು. ಹಲ್ಲುಗಳು ತಮ್ಮ ತಮ್ಮ ಜಾಗದಲ್ಲಿ ಗಂಭೀರವಾಗಿ ಕುಳಿತಿದ್ದವು.

ಲಾಡಸಾಬ ಹೆಂಡತಿಯನ್ನು ಹೊಸದಾಗಿ ನೋಡುವಂತೆ ನೋಡಿದ. ಹದಿನೆಂಟು ವರ್ಷ ಜೊತೆಗಿದ್ದವಳ ಅಂಗೈಯಲ್ಲಿ ಇಂಥ ವಿದ್ಯೆ ಇದೆಯೆಂದು ಅವನಿಗೆ ತಿಳಿದಿರಲಿಲ್ಲ. ಅವನು ಕೇಳಿರಲೂ ಇಲ್ಲ. ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಯಾವುದು ಹೆಚ್ಚೆಂದು ಹೇಳುವುದು ಕಷ್ಟ.

ಅಮೃತವ್ವ ಮಾತ್ರ ಹೆಂಟೆಗಳನ್ನೆಲ್ಲ ರೊಟ್ಟಿಯ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು. “ನಾಳೆ ಮಣ್ಣೆತ್ತಿನ ಅಮಾಸಿ. ನಮ್ಮ ಹೊಲದ ಮಣ್ಣು ನಮಗ ಇರ್ಲಿ. ಲಾಡಸಾಬಣ್ಣ ವಾರಗಟ್ಲೆ ಹೊತ್ತು ತಿರಿಗ್ಯಾನ, ಅವಗೂ ಒಂದು ಎತ್ತು ಮಾಡಿ ಕೊಡತೀನಿ.”

ಸೋಮವಾರ ಅಝೀಮ ಚಾ ಹಿಡಿದು ಬಂದು ಕುಳಿತ. ಸ್ಟೇರಿಂಗ್ ಮುಂದೆ ಒಂದು ಪುಟ್ಟ ಮಣ್ಣೆತ್ತು, ಅದರ ಬಾಜೂಕ ಲೋಟ. ಚೆಲ್ಲಲೇ ಇಲ್ಲವೆಂದರೆ ಸುಳ್ಳಾದೀತು. ರಸ್ತೆಯ ಒಂದು ಹಂಪಿನ ಮೇಲೆ ಎರಡು ಹನಿ ಹಾರಿದವು. ಅದು ಹಂಪಿನ ತಪ್ಪೆಂದು ಅಝೀಮನೂ ಒಪ್ಪಿದ. ಮುಂಡರಗಿಯಲ್ಲಿ ಒಂದೂ ತತ್ತಿ ಒಡೆಯದೆ ಇಳಿದ ಮೇಲೆ ಆರಿದ ಚಾ ಗುಟುಕರಿಸುತ್ತ ಕೇಳಿದ:

“ಲೋಡು ನಿಮ್ದ ಆತು. ಗಾಡಿ ಇಷ್ಟು ಚಂದ ಇಟ್ಟೀರಲ್ಲ, ಮಿಸ್ತ್ರಿ ಯಾರು?”

“ನಾನ” ಎಂಬ ಮಾತು ಲಾಡಸಾಬನ ನಾಲಿಗೆಯ ತುದಿಗೆ ಬಂದಿತ್ತು. ಮಣ್ಣೆತ್ತು ಅವನನ್ನೇ ನೋಡುತ್ತಿತ್ತು.

“ನಮ್ಮ ಮನಿಯಾಕಿ,” ಎಂದ.

ಅದಾದ ಗುರುವಾರ ಲಾಡಸಾಬ ಶಾಂಪೂವನ್ನು ಅತ್ತ ಇಟ್ಟು, ಬ್ರಷ್ಷು ಹಿಡಿದು, ಗಾಡಿಯ ಕೆಳಗೆ ಅಂಗಾತ ಮಲಗಿ ಗಾಲಿಯ ಒಳಮಗ್ಗಲು ತಿಕ್ಕುತ್ತಿದ್ದ. ಹೊರಗೆ ಕಾಣುತ್ತಿದ್ದುದು ಎರಡು ಪಾದ ಮಾತ್ರ. ಆ ದಾರಿಯಲ್ಲಿ ಬಂದ ಅಮೃತವ್ವ ನಿಂತು ಪಾದಗಳನ್ನು ನೋಡಿದಳು, ಬಾಗಿಲಲ್ಲಿದ್ದ ಹಸೀನಾಬಿಯನ್ನು ನೋಡಿದಳು.

“ಹಸೀನಾ, ರೊಟ್ಟಿ ಬಡಕೊಂಡು ಬರ್ಲೇನು?”

“ಈಗಽ ಬ್ಯಾಡಕ್ಕ,” ಎಂದಳು ಹಸೀನಾಬಿ. “ಇನ್ನೂ ಮೂರು ಗಾಲಿ ಉಳದಾವು.”