ಕೋಳಿಗೂಡಿನ ಬಾಗಿಲೂ ನನ್ನ ‘ದಿಸ್’ ಪ್ರತಾಪವೂ

“ಇನ್ನು ಮುಂದೆ ಈ ಮನೆಯಲ್ಲಿ ಕೋಳಿಗೂಡಿನ ಬಾಗಿಲು ಹಾಕೋಕೆ ಯಾರೂ ಏಳಬೇಕಿಲ್ಲ. ನನ್ನ ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಹಾಕುತ್ತೆ!” ಎಂದು ಬೆಂಡಿಗೋ ಊರಿನ ನಮ್ಮ ಮನೆಯ ಊಟದ ಮೇಜಿನ ಮುಂದೆ ನಿಂತು ಘೋಷಿಸಿದೆ. ಹದಿನೆಂಟು ವರ್ಷ ವೆಬ್ ಪುಟ ಬರೆದವನಿಗೆ ಒಂದು ಬಾಗಿಲು ಯಾವ ಲೆಕ್ಕ?

ಹೆಂಡತಿ ಬ್ರಾನ್‌ವಿನ್ ತಟ್ಟೆಯಿಂದ ತಲೆ ಎತ್ತಲಿಲ್ಲ. “ಶನಿವಾರ ಪ್ರದರ್ಶನ ಇದೆ. ಡಚೆಸ್‌ಗೆ ಏನಾದ್ರೂ ಆದ್ರೆ ಗೂಡಲ್ಲಿ ನೀನಿರ್ತೀಯ” ಎಂದಳು.

ಡಚೆಸ್ ಅವಳ ಬಿಳಿ ಲೆಗ್‌ಹಾರ್ನ್ ಕೋಳಿ. ಕೃಷಿ ಪ್ರದರ್ಶನದಲ್ಲಿ ಸತತ ಮೂರು ವರ್ಷ ಎರಡನೇ ಬಹುಮಾನ. ಈ ಸಲ ಮೊದಲ ಬಹುಮಾನದ ನೀಲಿ ರಿಬ್ಬನ್ ತಂದೇ ತರಬೇಕೆಂದು ಶುಕ್ರವಾರ ಮಧ್ಯಾಹ್ನ ಅದಕ್ಕೆ ಶಾಂಪೂ ಹಾಕಿ, ಹೇರ್ ಡ್ರೈಯರ್ ಹಿಡಿದು ಒಣಗಿಸಿ ಗೂಡಿಗೆ ಬಿಟ್ಟಳು. ಮದುವೆಯ ದಿನ ನನಗೂ ಅಷ್ಟು ಉಪಚಾರ ನಡೆದಿರಲಿಲ್ಲ.

ಸಂಜೆ ಆರು, ಗೂಡಿನ ಬಾಗಿಲು ತಾನಾಗಿ ಮುಚ್ಚಬೇಕಾದ ಹೊತ್ತು. ಅತ್ತೆ ಬೆರಿಲ್ ಗ್ಯಾರೇಜಿನ ಫ್ರಿಜ್ಜಿನಿಂದ ಪಾವ್ಲೋವಾ ಕೇಕ್ ತರಲು ಹೋಗಿದ್ದರು. ಧಡಾರ್! ಇಳಿದದ್ದು ಗ್ಯಾರೇಜಿನ ಬಾಗಿಲು. ಒಳಗೆ ಅತ್ತೆ ಬಂದಿ. ಗೂಡಿನ ಬಾಗಿಲು ತೆರೆದೇ ಇತ್ತು. ಡಚೆಸ್ ಅಂಗಳದಲ್ಲಿ ಮಾಂಸ ಸುಡುವ ಬಾರ್ಬೆಕ್ಯೂ ಒಲೆಯ ಬೂದಿಯೊಳಗೆ ಪರಮಸುಖದಿಂದ ಹೊರಳುತ್ತಿತ್ತು.

ಅತ್ತೆಯನ್ನು ಬಿಡಿಸುವಷ್ಟರಲ್ಲಿ ಅರ್ಧ ಪಾವ್ಲೋವಾ ಖಾಲಿ. “ನೀವು ಬಿಡಿಸೋಕೆ ಎಷ್ಟು ದಿನ ಆಗುತ್ತೋ ಗೊತ್ತಿರಲಿಲ್ಲಪ್ಪ” ಎಂದರು.

ಬ್ರಾನ್‌ವಿನ್ ಬೂದುಬಣ್ಣದ ಡಚೆಸ್ಸನ್ನು ಕಂಕುಳಲ್ಲಿ ಹಿಡಿದು ಎದುರು ನಿಂತಳು. ನಾನು ವಿವರಿಸಿದೆ. ಮುಚ್ಚುವ ಕೆಲಸವನ್ನು ಗೂಡಿನ ಹೆಸರಲ್ಲೇ ಬರೆದು, ಒಳಗೆ ‘ದಿಸ್‌ನ ಬಾಗಿಲು ಹಾಕು’, ಅಂದರೆ ‘ಇದರ ಬಾಗಿಲು ಹಾಕು’, ಎಂದಿದ್ದೆ. ದಿಸ್ ಅಂದರೆ ಗೂಡೇ ಎಂದು ನಂಬಿದ್ದೆ. ಆದರೆ ದಿಸ್ ಯಾರು ಅನ್ನುವುದು ಕೆಲಸವನ್ನು ಎಲ್ಲಿ ಬರೆದೆ ಅನ್ನುವುದರಿಂದಲ್ಲ, ಹೇಗೆ ಕರೆದರು ಅನ್ನುವುದರಿಂದ ತೀರ್ಮಾನವಾಗುತ್ತದೆ. ನಾನೋ, ಬರೀ ಕೆಲಸವನ್ನು ಕಿತ್ತು ಟೈಮರ್ ಕೈಗೆ ಕೊಟ್ಟಿದ್ದೆ. ಅದು ಗೂಡಿನ ಹೆಸರೆತ್ತದೆ ಕರೆದಾಗ ದಿಸ್ ಎಂದರೆ ಇಡೀ ಪುಟ. ಆ ಪುಟದಲ್ಲಿ ‘ಬಾಗಿಲು’ ಎಂದು ನಾನೇ ಹಿಂದೆ ಬರೆದಿಟ್ಟಿದ್ದದ್ದು, ಅದರಿಂದಲೇ ನಡೆಯುವ ಗ್ಯಾರೇಜಿನದು!

“ಅಂದ್ರೆ ಕೆಲಸ ಹೇಳ್ದೆ, ಯಾರದು ಅಂತ ಹೇಳ್ಲಿಲ್ಲ” ಎಂದಳು ಬ್ರಾನ್‌ವಿನ್.

“ಬೈಂಡ್ ಅಂತ ಒಂದು ಪದ ಹಾಕಿದ್ರೆ ಸಾಕಿತ್ತು ಕಣೆ. ಕೆಲಸಾನ ಅದರ ಯಜಮಾನನಿಗೇ ಕಟ್ಟಿಹಾಕುತ್ತೆ. ಆಮೇಲೆ ಯಾರು ಕರೆದ್ರೂ ಬದಲಾಗಲ್ಲ.”

“ಅಷ್ಟೇನಾ? ಅದನ್ನ ನಾನೇ ಹಾಕ್ತೀನಿ ಬಿಡು” ಎಂದು ಕೋಳಿಯನ್ನೂ ಶಾಂಪೂವನ್ನೂ ನನ್ನ ಕೈಗಿಟ್ಟಳು.

ಶನಿವಾರ ಡಚೆಸ್‌ಗೆ ಮತ್ತೆ ಎರಡನೇ ಬಹುಮಾನ. ರೆಕ್ಕೆಯಲ್ಲಿ ಸಾಸೇಜಿನ ವಾಸನೆ ಇದೆ ಎಂದರಂತೆ ತೀರ್ಪುಗಾರರು.

ಅಂದಿನಿಂದ ಸಂಜೆ ಆರಕ್ಕೆ ಅಡುಗೆಮನೆಯಿಂದ ಹೆಂಡತಿ ಕರೆಯಲಿ, ಫೋನಿನಲ್ಲಿ ಅತ್ತೆ ಕರೆಯಲಿ, ಗೂಡಿನೊಳಗಿಂದ ಡಚೆಸ್ಸೇ ಕರೆಯಲಿ, ಚಪ್ಪಲಿ ಮೆಟ್ಟಿ ಗೂಡಿನ ಬಾಗಿಲು ಹಾಕಲು ಹೊರಡುವ ‘ದಿಸ್’ ನಾನೇ.