ಎಳ್ಳಿನ ಹೋಳಿಗೆಯ ಅರ್ಧಾಯು

ನನಗೆ ಶುಗರ್ ಇದೆ ಎಂದು ಡಾಕ್ಟರು ಹೇಳಿದ್ದು ಒಂದೇ ಸಲ. ನನ್ನ ಹೆಂಡತಿ ಮೀನಲ ಅದನ್ನು ದಿನಾ ಹೇಳುತ್ತಾಳೆ. ಎಳ್ಳಮವಾಸ್ಯೆ ಬಂತೆಂದರೆ ನಮ್ಮ ಉಮರ್ಗಾ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆಯುತ್ತದೆ. ಭಜ್ಜಿ, ಅಂಬಲಿ, ಎಳ್ಳಿನ ಹೋಳಿಗೆ! ನನಗೆ ಮಾತ್ರ ಒಂದೇ ಒಂದು ಹೋಳಿಗೆ ಎಂದು ತೀರ್ಪಾಗಿತ್ತು. (ಡಾಕ್ಟರು ಅರ್ಧ ಎಂದಿದ್ದರಂತೆ, ಈಕೆಯೇ ಉದಾರ ಮನಸ್ಸಿನಿಂದ ಒಂದು ಮಾಡಿದಳಂತೆ.)

ಹಬ್ಬದ ಹಿಂದಿನ ದಿನ ಪಡಸಾಲೆಯಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ನನ್ನ ಟ್ಯೂಷನ್ ನಡೆದಿತ್ತು.

"ಯುರೇನಿಯಂ ಪರಮಾಣು ವಿಕಿರಣ ಬಿಡ್ತ ಬಿಡ್ತ ಕ್ಷಯ ಆಗ್ತಾವ. ಯಾವ್ದು ಯಾವಾಗ ಅಂತ ಬ್ರಹ್ಮಗೂ ಗೊತ್ತಿಲ್ಲ. ಆದ್ರ ಗೊತ್ತಾದ ಅವಧಿದಾಗ ಅರ್ಧಾ ಹೋಗೂದು ಖಾತ್ರಿ. ಅದಕ್ಕs ಅರ್ಧಾಯು ಅಂತಾರ. ಮುಂದಿನ ಅವಧಿಗಿ ಉಳದಿದ್ರಾಗಿನ ಅರ್ಧಾ. ಕಡೀಗಿ ಸೀಸಾ ಆಗ್ತದ, ಅದು ಮತ್ತ ಬದಲಾಗಂಗಿಲ್ಲ."

ಮಕ್ಕಳು ಹೋದರು. ಮೀನಲ ಪಕ್ಕದ ಮನೆಯ ಪ್ರಯಾಗಬಾಯಿಯನ್ನು ಮಾತಾಡಿಸಲು ಹೋಗಿದ್ದಳು. ಅಡುಗೆಮನೆಯಲ್ಲಿ ಹೋಳಿಗೆಯ ಡಬ್ಬಿ ಒಬ್ಬಂಟಿಯಾಗಿತ್ತು. ಸ್ವತಃ ಪ್ರಯೋಗ ಮಾಡದೆ ಪಾಠ ಹೇಳುವುದು ವಿಜ್ಞಾನಕ್ಕೆ ದ್ರೋಹವಲ್ಲವೇ? ಡಬ್ಬಿಯ ಅರ್ಧ ತಿಂದು ಒಂದು ಅರ್ಧಾಯು ಮುಗಿಸಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಪ್ರತಿಸಲವೂ ಅರ್ಧ ಉಳಿಯುವುದರಿಂದ ಡಬ್ಬಿ ಎಂದೂ ಬರಿದಾಗದು, ಸಿಕ್ಕಿಬೀಳುವ ಪ್ರಶ್ನೆಯೇ ಇಲ್ಲ ಎಂದು ನನ್ನ ಲೆಕ್ಕ. ಮೀನಲ ಬಂದು ಡಬ್ಬಿ ತೆರೆದಳು.

"ಅಹೋ, ಡಬ್ಬ್ಯಾಗಿನ ಹೋಳಿಗಿ ಎಲ್ಲಿ ಹೋದವ್ರಿ? ನಾಳಿ ವಲಾಂಡಿಲಿಂದ ನಮ್ಮ ತಮ್ಮ ಪಂಡಿತ ಊಟಕ್ಕ ಬರ್ತಾನ!"

"ನಾ ಮುಟ್ಟಿಲ್ಲ. ತಾವೇ ಕ್ಷಯ ಆಗ್ಯಾವ. ನಿಸರ್ಗದ ನಿಯಮ."

"ಮತ್ತ ಮೀಸ್ಯಾಗ ಎಳ್ಳ ಹತ್ಯಾವಲ್ಲ?"

"ಅದು... ವಿಕಿರಣ."

ಮೀನಲ ಒಲೆ ಹೊತ್ತಿಸಿ ಮತ್ತೆ ಹಿಟ್ಟು ನಾದಿದಳು. ಬಚಾವಾದೆ ಎಂದುಕೊಂಡೆ. (ಹೆಂಡತಿ ಬೈಯದೆ ಕೆಲಸಕ್ಕಿಳಿದಾಗ ಹೀಗೆ ಅಂದುಕೊಳ್ಳುವವನು ಹೊಸ ಮದುಮಗ. ನನಗೇನು ಬಂದಿತ್ತು ಕೇಡು?)

ಮರುದಿನ ಹೊಲದಲ್ಲಿ ಬೇವಿನ ಮರದ ಕೆಳಗೆ ಪಂಕ್ತಿ ಕೂತಿತು. ಪಂಡಿತನ ತಾಟಿನಲ್ಲಿ ತುಪ್ಪದಲ್ಲಿ ತೊಯ್ದ ಹೋಳಿಗೆ. ನನ್ನ ತಾಟಿನಲ್ಲಿ ಒಣಗಿದ ಕಟಕ ರೊಟ್ಟಿ!

"ನನ್ನ ಹೋಳಿಗಿ?"

"ಒಲಿ ಮುಂದ ಕೂತು ನಿಮ್ಮ ಪಾಠಾ ಕೇಳೀನ್ರಿ. ಕ್ಷಯ ಆಗ್ತ ಆಗ್ತ ಕಡೀಗಿ ಸೀಸಾ ಆಗ್ತದಂತ. ನಿಮ್ಮ ಪಾಲಿಂದು ಆಗ್ಯದ. ಉಣ್ರಿ."

ಪಂಡಿತ ನಕ್ಕು ನಕ್ಕು ನೆತ್ತಿಗೇರಿಸಿಕೊಂಡ.

"ನಿನ್ನ ಸಿಟ್ಟಿಗಿ ಅರ್ಧಾಯು ಇಲ್ಲೇನ?" ಮೆಲ್ಲಗೆ ಕೇಳಿದೆ.

"ಸೀಸಾ ಮತ್ತ ಬದಲಾಗಂಗಿಲ್ಲಂತ ನೀವೇ ಹೇಳೀರಿ."

ಸೀಸ ಮೆತ್ತನೆಯ ಲೋಹ, ಉಗುರಿನಿಂದಲೂ ಗೀರಬಹುದು ಎಂದು ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಮೊದಲ ತುತ್ತಿಗೇ ನನ್ನ ದವಡೆ ಹಲ್ಲು ಅಲ್ಲಾಡಿತು.